ಬಸ್ಸು ಬರುವಷ್ಟರಲ್ಲಿ ಒಣಗುವ ಬಣ್ಣ

೧೨ ಫೆಬ್ರವರಿ ೧೯೫೮, ಬುಧವಾರ. ಶಿಕಾರಿಪುರ

ಬೆಳಿಗ್ಗೆ ಸಲೂನಿನಲ್ಲಿ ಬರೀ ಶೇವಿಂಗ್. ಪತ್ರಿಕೆ ತಡ. ಶಿವಮೊಗ್ಗದ ಬಸ್ಸು ದಾರಿಯಲ್ಲಿ ಕೆಟ್ಟು ನಿಂತಿತ್ತಂತೆ. ಗಿರಾಕಿಗಳು ನಿನ್ನೆಯ ಪತ್ರಿಕೆಯನ್ನೇ ಮತ್ತೆ ಓದಿ, ಶರಾವತಿ ಅಣೆಕಟ್ಟಿನ ಬಗ್ಗೆ ನಿನ್ನೆಯ ಜಗಳವನ್ನೇ ಮತ್ತೆ ಆಡಿದರು.

ಹಿಂದಿನ ಕೋಣೆಯಲ್ಲಿ ಅನಾಹುತ. ಸೊರಬದ ಜವಳಿ ಅಂಗಡಿಯವರ ಮನೆಯ ಮದುಮಗಳು ಬಂದಿದ್ದಳು. ನೀಲಾ ಮೊಗ್ಗಿನ ಜಡೆ ಹೆಣೆದು, ಕೊನೆಗೆ ಉಗುರಿಗೆ ಬಣ್ಣ ಹಚ್ಚಿದಳು. ಅದು ಒಣಗುವ ಮೊದಲೇ ಸೊರಬದ ಬಸ್ಸು ಹಾರನ್ ಹೊಡೆಯಿತು. ಹುಡುಗಿ ಗಾಬರಿಯಿಂದ ಸೆರಗು ಹಿಡಿದು ಎದ್ದಳು. ಉಗುರಿನ ಕೆಂಪೆಲ್ಲ ಹೊಸ ಸೀರೆಯ ಮೇಲೆ.

ಅವಳ ಅಜ್ಜಿ ಬಾಗಿಲಲ್ಲಿ ನಿಂತು, ಬಸ್ ಸ್ಟ್ಯಾಂಡಿಗೆಲ್ಲ ಕೇಳುವಂತೆ ಹೇಳಿದಳು: "ಕೋಳಿ ಕೊಯ್ದ ಕೈ ಆಗೇತಲ್ಲೇ! ಮದರಂಗಿ ಹಚ್ಚಿದ್ರೆ ಸಾಕಿತ್ತು. ಲಿಂಗ ಮುಟ್ಟೋ ಕೈ ಇದು."

ಎರಡು ವರ್ಷದ ಹಿಂದೆ ಈ ಹೆಂಗಸರ ಕೋಣೆ ತೆರೆದಾಗ ಊರಿನಲ್ಲಿ ಯಾರೂ ಒಳ್ಳೆಯ ಮಾತು ಆಡಲಿಲ್ಲ. ಸಲೂನಿನವನು ಹೆಂಡತಿಯನ್ನೂ ದುಡಿಯಲು ಕೂರಿಸಿದ ಎಂದರು. ನೀಲಾ ಕಿವಿಗೆ ಹಾಕಿಕೊಳ್ಳಲಿಲ್ಲ. ಇವತ್ತು ಮಾತ್ರ ಮುಖ ಸಪ್ಪೆ. ದೀಪ ಹಚ್ಚುವ ಹೊತ್ತಿಗೆ ಹೇಳಿದಳು: "ರೀ, ಬಸ್ಸನ್ನ ನಿಲ್ಲಿಸೋಕೆ ಆಗಲ್ಲ. ಬಣ್ಣನೇ ಬೇಗ ಒಣಗಬೇಕು."

೧೫ ಫೆಬ್ರವರಿ, ಶನಿವಾರ

ಮುಂದಿನ ಅಂಗಡಿಯ ಟೇಬಲ್ ಫ್ಯಾನನ್ನು ಹಿಂದಿನ ಕೋಣೆಗೆ ಒಯ್ದು ನೋಡಿದೆವು. ನಡುವಿನ ಬಾಗಿಲು ತೆರೆದಿತ್ತು. ಕತ್ತರಿಸಿ ಬಿದ್ದ ಕೂದಲೆಲ್ಲ ಎದ್ದು ಹಾರಿ ಪೋಸ್ಟ್ ಮಾಸ್ಟರ ಹೆಂಡತಿಯ ಹಸಿ ಉಗುರಿಗೆ ಮೆತ್ತಿಕೊಂಡಿತು.

"ಅಯ್ಯೋ, ನನ್ನ ಉಗುರಿಗೇ ಗಡ್ಡ ಬಂತಲ್ರೀ!"

ನೀಲಾಳಿಗೆ ನಕ್ಕು ನಕ್ಕು ಕಣ್ಣಲ್ಲಿ ನೀರು. ನಾನೂ ನಕ್ಕೆ.

ತಣ್ಣೀರಿನಲ್ಲಿ ಬೆರಳು ಅದ್ದಿಸಿದರೆ ಬಣ್ಣದ ಮೇಲೆ ಗುಳ್ಳೆ ಏಳುತ್ತದೆ. ಕಿಟಕಿ ತೆರೆದಿಟ್ಟರೆ ಬಸ್ಸಿನ ಕೆಂಪು ಧೂಳು ಬಂದು ಕೂರುತ್ತದೆ. ಸಾಲದ್ದಕ್ಕೆ ಕ್ಲೀನರ್ ಹುಡುಗರ ಇಣುಕು. ಬಾಗಿಲು, ಕಿಟಕಿ ಎರಡನ್ನೂ ಮುಚ್ಚಿದೆವು. ಈಗ ನೀಲಾ ಗಿರಾಕಿಯ ಕೈ ಹಿಡಿದು, ಬಗ್ಗಿ, ಒಂದೊಂದು ಬೆರಳಿಗೂ ಬಾಯಿಂದ ಊದುತ್ತಾಳೆ. ಒಲೆ ಊದಿದ ಹಾಗೆ.

೨೨ ಫೆಬ್ರವರಿ, ಶನಿವಾರ

ಉಜ್ಜಪ್ಪ ಶೇವಿಂಗಿಗೆ ಬಂದಿದ್ದ. ಬಸ್ಸುಗಳಿಗೆ ಬಣ್ಣ ಹೊಡೆಯುವವನು. ಕೋಣೆಯ ಕಥೆ ಕೇಳಿ ಕುರ್ಚಿಯಲ್ಲೇ ತಿರುಗಿದ. ಕೆನ್ನೆಗೆ ಕತ್ತಿ ತಾಗದಂತೆ ತಪ್ಪಿಸುವುದೇ ಕಷ್ಟವಾಯಿತು.

"ಸದಾಶಿವಣ್ಣ, ನಮ್ಮ ಬಣ್ಣ ನಿಂತ ನಿಲುವಲ್ಲೇ ಒಣಗ್ತೈತಿ. ಥಿನ್ನರ್ ಹಾಕ್ತೀವಲ್ರಿ. ಒಂದು ಶೀಶೆ ಕೊಡ್ತೀನಿ, ನೋಡ್ರಿ."

ಸಂಜೆ ತಂದುಕೊಟ್ಟ. ನೀರಿನಷ್ಟು ತೆಳು. ವಾಸನೆ ಸಿಹಿ, ಸ್ವಲ್ಪ ಘಾಟು. ಬೊಂಬಾಯಿ ಲಾರಿಯಲ್ಲಿ ಬರುವ ಡಬ್ಬವಂತೆ, ಮೇಲೆ ಹೆಸರಿಲ್ಲ. ಬಸ್ಸಿಗೂ ಹೆಂಗಸರ ಉಗುರಿಗೂ ಒಂದೇ ಔಷಧಿ ಬಂತು ಎಂದು ಗಿರಾಕಿಗಳು ನಕ್ಕರು.

೨೪ ಫೆಬ್ರವರಿ, ಸೋಮವಾರ

ಒಣಗುತ್ತದೆ. ನಂಬಲಿಕ್ಕೆ ಆಗದಷ್ಟು ಬೇಗ. ಬಣ್ಣದ ಶೀಶೆಗೆ ನಾಲ್ಕು ಹನಿ ಹಾಕಿ ಅಲ್ಲಾಡಿಸಿ, ತೆಳ್ಳಗೆ ಹಚ್ಚಿ, ನೀಲಾ ಊದಿದಳು. ಕಿರುಬೆರಳಿಗೆ ಬರುವಷ್ಟರಲ್ಲಿ ಹೆಬ್ಬೆರಳು ಗಟ್ಟಿ. ಗಿರಾಕಿ ಉಗುರಿನಿಂದ ಕನ್ನಡಿಯ ಮೇಲೆ ಟಕ್ ಟಕ್ ಎಂದು ಬಡಿದು, ಬಸ್ಸು ಹತ್ತಿ, ಕಿಟಕಿಯಿಂದ ಕೈ ಬೀಸಿದಳು.

ನೀಲಾಳ ಮುಖ ನೋಡಬೇಕಿತ್ತು.

೧೩ ಮಾರ್ಚ್, ಗುರುವಾರ

ಸೊರಬ, ಜಡೆ, ಕುಬಟೂರಿನಿಂದೆಲ್ಲ ಬರುತ್ತಿದ್ದಾರೆ. ಜವಳಿ ತೆಗೆಯಲು ಬಂದವರು ಉಗುರಿಗೂ ಬಣ್ಣ ಹಚ್ಚಿಸಿಕೊಂಡು ಹೋಗುತ್ತಾರೆ. ನೀಲಾ ಒಬ್ಬಳಿಂದ ಆಗುವುದಿಲ್ಲ. ಸೊರಬದಿಂದ ಅವಳ ತಂಗಿ ಜಗದಾಂಬ ಬಂದಿದ್ದಾಳೆ. ಬಾಯಿ ಜೋರು, ಕೈ ಚುರುಕು. ಮುಚ್ಚಿದ ಕೋಣೆಯಲ್ಲಿ ಅಕ್ಕ ತಂಗಿಯರ ಹಾಡು, ನಗು.

ಸಂಜೆ ನೀಲಾಳಿಗೆ ತಲೆನೋವು. ಹಣೆಗೆ ಶುಂಠಿ ತೇಯ್ದು ಹಚ್ಚಿಕೊಂಡಳು. "ಒಳಗಿದ್ದಾಗ ತಲೆ ಹೂವಿನಷ್ಟು ಹಗುರ. ಹೊರಗೆ ಬಂದ್ರೆ ಕಲ್ಲು."

ಇನ್ನೊಂದು ಡಬ್ಬಕ್ಕೆ ಉಜ್ಜಪ್ಪನ ಶೆಡ್ಡಿಗೆ ಹೋಗಿದ್ದೆ. ನಾಲ್ಕು ಕಂಬ, ಮೇಲೆ ತಗಡು, ಗೋಡೆ ಇಲ್ಲ. ಮೂಗು ಬಾಯಿಗೆ ಟವೆಲ್ ಸುತ್ತಿಕೊಂಡು ಕೆಲಸ ಮಾಡುತ್ತಿದ್ದ. ಯಾಕೆ ಎಂದೆ. "ಹಂಗೇ ವಾಸ್ನಿ ಕುಡಿದ್ರೆ ಹೆಂಡ ಕುಡಿದಂಗೆ ಆಗ್ತೈತ್ರಿ. ಮನಿಗೆ ಹೋದ್ರೆ ಹೆಂಡ್ತಿ ಬೈತಾಳ."

ಮನೆಗೆ ಬಂದು ನೀಲಾಳಿಗೆ ಹೇಳಿದೆ.

"ಟವೆಲ್ ಕಟ್ಟಿಕೊಂಡು ಊದೋದು ಹೇಗ್ರೀ?" ಎಂದಳು. ಜಗದಾಂಬ ಕೂಡಲೇ ಬಾಯಿಗೆ ಸೆರಗು ಕಟ್ಟಿಕೊಂಡು ಊದಿ ತೋರಿಸಿದಳು. ಸೆರಗು ಬಲೂನಿನ ಹಾಗೆ ಉಬ್ಬಿತು. ಮಾತು ಅಲ್ಲಿಗೆ ನಿಂತಿತು.

೨ ಮೇ, ಶುಕ್ರವಾರ

ಲಗ್ನದ ಕಾಲ. ಬರೆಯಲು ಬಿಡುವಿಲ್ಲ. ಜಗದಾಂಬ ಸೊರಬಕ್ಕೆ ಹಿಂದಿರುಗಿದಳು, ಒಂದು ಡಬ್ಬ ಥಿನ್ನರ್ ಜೊತೆಗೆ. ಅಲ್ಲಿ ಮಾವ ಶಿವಮೂರ್ತಪ್ಪನವರ ಸಲೂನಿನ ಹಿಂದೆಯೇ ಮನೆ. ನಡುಮನೆಯ ಪಕ್ಕದ ಕತ್ತಲೆ ಕೋಣೆಯಲ್ಲಿ ತಾನೂ ಶುರು ಮಾಡುತ್ತಾಳಂತೆ. "ಭಾವ, ಇನ್ನು ಸೊರಬದೋರು ನಿಮ್ಮ ಊರಿಗೆ ಯಾಕೆ ಬರ್ತಾರೆ? ನಿಮ್ಮ ಅಂಗಡಿಗೆ ಬೀಗ!" ಎಂದು ಬಸ್ಸಿನ ಮೆಟ್ಟಿಲಿಂದ ಕೂಗಿದಳು.

೨೦ ಜೂನ್, ಶುಕ್ರವಾರ

ಮಳೆ. ಗಿರಾಕಿ ಇಲ್ಲ.

ನೀಲಾ ಬಸುರಿ. ಮೂರು ತಿಂಗಳು ಎಂದು ಪಕ್ಕದ ಮನೆಯ ಉಚ್ಚಂಗಮ್ಮ ಲೆಕ್ಕ ಹಾಕಿ ಹೇಳಿದಳು. ಮದುವೆಯಾಗಿ ಎಂಟು ವರ್ಷ. ಹರಕೆ ಹೊತ್ತು ಸಾಕಾಗಿ ಬಿಟ್ಟೇ ಬಿಟ್ಟಿದ್ದೆವು.

ಬೆಳಿಗ್ಗೆ ಒಬ್ಬರ ಮೀಸೆಯನ್ನು ಒಂದು ಕಡೆ ಹೆಚ್ಚು ಕತ್ತರಿಸಿದೆ. ಅವರು ಬೈಯಲೂ ಇಲ್ಲ. ನನ್ನ ಮುಖ ನೋಡಿ ನಕ್ಕು ಹೋದರು.

ನೀಲಾ ಬಿಳಿಚಿಕೊಂಡಿದ್ದಾಳೆ. ತುಟಿಯೂ ಬಿಳಿ. ಬಾವಿಯಿಂದ ಒಂದು ಕೊಡ ತರುವಷ್ಟರಲ್ಲಿ ಏದುಸಿರು. "ಬಸುರಿ ಬಿಳಿಚದೆ ಕರ್ರಗಾಗ್ತಾಳೇನು?" ಎಂದು ಉಚ್ಚಂಗಮ್ಮ.

೩೦ ಜುಲೈ, ಬುಧವಾರ

ನೀಲಾಳ ಮೊಣಕೈ ಮೇಲೆ ಕಪ್ಪು ಕಲೆ, ರೂಪಾಯಿಯಷ್ಟು. ತೊಡೆಯ ಮೇಲೂ ಇದೆಯಂತೆ. ಎಲ್ಲಿ ತಗುಲಿತು ಎಂದೆ. ಎಲ್ಲೂ ಇಲ್ಲ ಎಂದಳು.

೧೮ ಆಗಸ್ಟ್, ಸೋಮವಾರ

ಪಂಚಮಿಗೆ ತವರಿಗೆ ಬಂದ ಹೆಣ್ಣುಮಕ್ಕಳೆಲ್ಲ ಕೋಣೆಯ ಮುಂದೆ. ಕೆಲಸ ಬೇಡ ಎಂದೆ. "ಹಬ್ಬಕ್ಕೆ ಬಂದೋರನ್ನ ವಾಪಸ್ ಕಳಿಸಲಾ?" ಎಂದು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಬೆಳಿಗ್ಗೆ ಹಲ್ಲು ಉಜ್ಜಿ ಉಗಿದದ್ದರಲ್ಲಿ ರಕ್ತ. ಇದ್ದಿಲಿನ ಪುಡಿ ಒರಟಾಯಿತು ಎಂದಳು. ನಿನ್ನೆಯೂ ಹಾಗೇ ಆಗಿತ್ತಂತೆ. ಹೇಳಿರಲಿಲ್ಲ.

೯ ಸೆಪ್ಟೆಂಬರ್, ಮಂಗಳವಾರ

ಶಿವಮೊಗ್ಗಕ್ಕೆ ಕರೆದುಕೊಂಡು ಹೋಗಿದ್ದೆ. ಹೆಸರಿರುವ ಡಾಕ್ಟರು. ಕಣ್ಣಿನ ರೆಪ್ಪೆ ಎಳೆದು ನೋಡಿದರು, ಕಲೆಗಳನ್ನು ನೋಡಿದರು.

"ಏನು ಕೆಲಸ ಮಾಡ್ತಾರೆ?"

ಬೆಂಚಿನ ಮೇಲೆ ನಮ್ಮ ಊರಿನ ಮಂಡಿ ವೀರಬಸಪ್ಪನವರು ಕೂತಿದ್ದರು. ಅವರ ಮನೆಯವರೂ.

"ಮನೆಗೆಲಸ" ಎಂದೆ.

ಬಸುರಿಯರಲ್ಲಿ ರಕ್ತ ಕಡಿಮೆಯಾಗುವುದು ಸಾಮಾನ್ಯ, ಇವರಿಗೆ ಸ್ವಲ್ಪ ಜಾಸ್ತಿಯೇ ಕಡಿಮೆ ಎಂದರು. ಕಬ್ಬಿಣದ ಟಾನಿಕ್, ಸೊಪ್ಪು, ವಿಶ್ರಾಂತಿ. ಮಗುವಿಗೆ ಏನೂ ತೊಂದರೆ ಇಲ್ಲವಲ್ಲ ಎಂದು ನೀಲಾ ಕೇಳಿದಳು. ತಾಯಿ ಸರಿಯಾದರೆ ಮಗು ಸರಿ ಎಂದರು.

ಹೊರಗೆ ಬಂದ ಮೇಲೆ ನೀಲಾ, "ಸರಿಯಾಗೇ ಹೇಳಿದ್ರಿ. ಆ ವೀರಬಸಪ್ಪನ ಹೆಂಡ್ತಿ ಕಿವಿ ನಮ್ಮ ಕಡೆಗೇ ಇತ್ತು," ಎಂದಳು.

೧೫ ಸೆಪ್ಟೆಂಬರ್, ಸೋಮವಾರ

ನೀಲಾಳನ್ನು ಸೊರಬಕ್ಕೆ ಬಿಟ್ಟು ಬಂದೆ. ಹೆರಿಗೆಯವರೆಗೂ ತವರಿನಲ್ಲೇ ಇರಲಿ. ಇಲ್ಲಿದ್ದರೆ ಕೆಲಸ ಬಿಡುವವಳಲ್ಲ. ಅತ್ತೆಗೆ ಹೇಳಿದ್ದೇನೆ, ಒಂದು ಕಡ್ಡಿ ಎತ್ತಲೂ ಬಿಡಬೇಡಿ ಎಂದು.

ಹಿಂದಿನ ಕೋಣೆ ಖಾಲಿ. ಕಿಟಕಿ ತೆರೆದೆ. ಚಿಲಕ ತುಕ್ಕು ಹಿಡಿದು ಬಿಗಿದಿತ್ತು, ಸುತ್ತಿಗೆಯಿಂದ ಬಡಿಯಬೇಕಾಯಿತು.

೨೬ ಸೆಪ್ಟೆಂಬರ್, ಶುಕ್ರವಾರ

ಸೊರಬದ ಕಂಡಕ್ಟರ್ ಕೈಯಲ್ಲಿ ಸುದ್ದಿ: ಚೆನ್ನಾಗಿದ್ದಾಳೆ, ಟಾನಿಕ್ ಕುಡಿಯುತ್ತಾಳೆ, ಮಗು ಒದೆಯುತ್ತದೆ. ಮುಂದಿನ ಸೋಮವಾರ ಬಿಟ್ಟು ಅದರಾಚೆಯ ಸೋಮವಾರ ಏಳು ತಿಂಗಳ ಕುಬುಸದ ಶಾಸ್ತ್ರ. ನಾನು ಹಿಂದಿನ ದಿನವೇ ಬರಬೇಕು.

ಕೋಣೆಯಲ್ಲಿ ಈಗ ವಾಸನೆ ಇಲ್ಲ. ಹೋದ ಮೇಲೆಯೇ ತಿಳಿದದ್ದು, ಎಷ್ಟಿತ್ತು ಎಂದು. ಸಲೂನಿನ ಗಿರಾಕಿಗಳೂ ಅದನ್ನೇ ಹೇಳಿದರು.

೫ ಅಕ್ಟೋಬರ್, ಭಾನುವಾರ. ಸೊರಬ

ಬಸ್ಸಿಳಿದು ಮಾವನ ಮನೆಯ ಓಣಿಗೆ ತಿರುಗಿದೆ. ಅದೇ ವಾಸನೆ.

ಜಗುಲಿಯ ಮೇಲೆ ಹೆಂಗಸರು ಸಾಲಾಗಿ ಕೂತಿದ್ದಾರೆ. ಕತ್ತಲೆ ಕೋಣೆಯ ಬಾಗಿಲು ಮುಚ್ಚಿದೆ. ತಟ್ಟಿದೆ. ಜಗದಾಂಬ ಒಂದು ಗೇಣು ತೆರೆದಳು. ಒಳಗೆ ಲಾಟೀನು. ಗೋಡೆಗೆ ಒರಗಿ ನೀಲಾ. ಅವಳ ಕೈಯಲ್ಲಿ ಯಾರದೋ ಕೈ, ಊದುತ್ತಿದ್ದಾಳೆ. ಹಾಲಿನ ಬಣ್ಣದ ಮುಖ.

"ವಿಶ್ರಾಂತಿ ಎಂದಿದ್ದರು ಡಾಕ್ಟರು," ಎಂದೆ.

"ಕೂತೇ ಇದಾಳಲ್ಲ ಭಾವ! ಎದ್ದಿಲ್ಲ, ಬಗ್ಗಿಲ್ಲ, ನೀರು ಸೇದಿಲ್ಲ. ನಾನು ಹಚ್ಚೋದು, ಅಕ್ಕ ಊದೋದು. ಊದೋದೂ ಒಂದು ಕೆಲಸನಾ?" ಎಂದು ಜಗದಾಂಬ.

ಅತ್ತೆಯೂ ಅದನ್ನೇ ಹೇಳಿದರು. ಕಡ್ಡಿ ಎತ್ತಲು ಬಿಟ್ಟಿಲ್ಲವಂತೆ.

ನಾಳೆ ಬೆಳಿಗ್ಗೆ ಶಾಸ್ತ್ರ. ಮನೆ ತುಂಬ ನೆಂಟರು. ಅದಕ್ಕೇ ಏನೂ ಹೇಳಲಿಲ್ಲ. ಹೇಳಲು ನನ್ನ ಬಳಿ ಇರುವುದಾದರೂ ಏನು? ಶಿಕಾರಿಪುರದಲ್ಲಿ ಕೋಣೆಯ ಕೆಲಸ ನಿಂತಿತು, ವಾಸನೆ ಹೋಯಿತು. ನೀಲಾ ಇಲ್ಲಿಗೆ ಬಂದಳು, ಗುಣವಾಗಲಿಲ್ಲ. ಇಲ್ಲಿಯೂ ಅದೇ ವಾಸನೆ. ಇಷ್ಟೇ.

೬ ಅಕ್ಟೋಬರ್, ಸೋಮವಾರ

ಆದದ್ದನ್ನು ಬರೆಯುತ್ತೇನೆ.

ನೀಲಾಳಿಗೆ ಹಸಿರು ಸೀರೆ, ಹಸಿರು ಕುಬುಸ. ಮಣೆಯ ಮೇಲೆ ಕೂರಿಸಿ ಮಡಿಲು ತುಂಬಿದರು. ಬಳೆಗಾರ್ತಿ ವೀರಮ್ಮ ಬಳೆಯ ಮಲಾರ ಬಿಚ್ಚಿದಳು. ಎರಡು ತಾಲೂಕಿನ ಹೆಣ್ಣುಮಕ್ಕಳ ಕೈ ಹಿಡಿದ ಮುದುಕಿ. ನೀಲಾಳ ಕೈಗೆ ಎಣ್ಣೆ ಸವರಿ, ಅಂಗೈ ಮಡಿಸಿ ಮೆತ್ತಗೆ ಒತ್ತಿ, ಬಳೆ ಏರಿಸತೊಡಗಿದಳು. ಹೆಂಗಸರು ಸೋಬಾನೆ ಹಾಡುತ್ತಿದ್ದರು.

ವೀರಮ್ಮ ಬೆರಳು ಒತ್ತಿದ ಕಡೆಯೆಲ್ಲ ಕಪ್ಪಾಗುತ್ತಾ ಬಂತು. ನೋಡುತ್ತಿದ್ದ ಹಾಗೆಯೇ. ಹೆಬ್ಬೆರಳ ಬುಡ, ಮುಂಗೈ, ಮಣಿಕಟ್ಟು. ಮುದುಕಿಯ ನಾಲ್ಕು ಬೆರಳೂ ನೀಲಾಳ ಕೈ ಮೇಲೆ ಅಚ್ಚು ಬಿದ್ದ ಹಾಗೆ ಮೂಡಿದವು.

ಹಾಡು ನಿಂತಿತು.

"ಏನ್ ಕೈಯೇ ನಿಂದು, ಮುದುಕಿ? ಬಸುರಿ ಹೆಂಗಸು, ಹಿಂಗೆ ಹಿಂಡ್ತಾರಾ!" ಎಂದು ಅತ್ತೆ ಕೂಗಿದರು.

"ನಾನು ಒತ್ತೇ ಇಲ್ಲ ಕಣವ್ವ... ನಿನ್ನಾಣೆ ಒತ್ತೇ ಇಲ್ಲ," ಎಂದು ವೀರಮ್ಮ ಬಳೆ ಕೆಳಗಿಟ್ಟಳು. ಉಳಿದ ಬಳೆ ಹಾಕಲು ಒಪ್ಪಲಿಲ್ಲ. ಎಡಗೈಗೆ ಬಳೆ ಹಾಕದೆಯೇ ಆರತಿ ಮಾಡಿದರು. ಅಪಶಕುನ ಎಂದು ನೆಂಟರು ಗುಸುಗುಸು ಆಡಿದರು. ದೃಷ್ಟಿ ತೆಗೆದರು.

ನೀಲಾ ಎರಡೂ ಕೈಯನ್ನು ಸೆರಗಿನೊಳಗೆ ಇಟ್ಟುಕೊಂಡು ಕೂತಿದ್ದಳು.

೮ ಅಕ್ಟೋಬರ್, ಬುಧವಾರ. ಶಿವಮೊಗ್ಗ

ಬೆಳಿಗ್ಗೆ ಮೂಗಿನಿಂದ ರಕ್ತ. ನಿಲ್ಲಲಿಲ್ಲ. ಮಾವನಿಗೆ ಗುರುತಿನವರ ಕಾರು ಸಿಕ್ಕಿತು. ದಾರಿಯುದ್ದಕ್ಕೂ ಜಗದಾಂಬ ಅಕ್ಕನ ಮೂಗಿಗೆ ಬಟ್ಟೆ ಹಿಡಿದೇ ಕೂತಿದ್ದಳು. ಬಟ್ಟೆ ಬದಲಾಯಿಸುತ್ತಲೇ ಇದ್ದಳು.

ದೊಡ್ಡಾಸ್ಪತ್ರೆ. ಒಳಗೆ ಸೇರಿಸಿದ್ದಾರೆ. ಡಾಕ್ಟರು ಬೇರೆಯವರು, ವಯಸ್ಸು ಕಡಿಮೆ, ಮಾತೂ ಕಡಿಮೆ.

೧೦ ಅಕ್ಟೋಬರ್, ಶುಕ್ರವಾರ

ರಕ್ತ ಪರೀಕ್ಷೆಯ ಫಲ ಬಂತು. ಮೈಯೊಳಗೆ ರಕ್ತ ಹುಟ್ಟುವುದೇ ನಿಲ್ಲುತ್ತಾ ಬಂದಿದೆಯಂತೆ. ಟಾನಿಕ್ಕಿನಿಂದ ಆಗುವುದಲ್ಲ. ಬೇರೆಯವರ ರಕ್ತ ಕೊಡಬೇಕು, ಬೇಗ. ಕೊಟ್ಟರೆ ತಾಯಿ ಉಳಿಯಬಹುದು. ಮಗುವಿನ ಮಾತನ್ನು ಡಾಕ್ಟರು ಎತ್ತಲಿಲ್ಲ. ನಾನೂ ಕೇಳಲಿಲ್ಲ.

ನನ್ನ ರಕ್ತ ಹೊಂದಲಿಲ್ಲ. ಮಾವನದು ಹೊಂದುತ್ತದೆ, ಆದರೆ ವಯಸ್ಸಾಯಿತು, ಎದೆನೋವು ಬೇರೆ. ಬೇಡ ಎಂದರು. ಸೊರಬದಿಂದ ಬಂದಿದ್ದ ನೆಂಟರಿಗೆ ಹೇಳಿದೆ. ಒಬ್ಬರಿಗೆ ಹಸುವಿನ ಹಾಲು ಕರೆಯಬೇಕಿತ್ತು, ಒಬ್ಬರಿಗೆ ಸಂಜೆಯ ಬಸ್ಸು ಹಿಡಿಯಬೇಕಿತ್ತು. ರಕ್ತ ಕೊಟ್ಟರೆ ಆಯುಷ್ಯ ಹೋಗುತ್ತದೆ ಎಂದು ಒಬ್ಬರು ಬಾಯಿಬಿಟ್ಟೇ ಹೇಳಿದರು.

ಜಗದಾಂಬ ಆಗಲೇ ರವಿಕೆಯ ತೋಳು ಮೇಲೆ ಮಡಿಸಿ ನಿಂತಿದ್ದಳು. "ನನ್ನದು ತಗೊಳ್ಳಿ. ಎಷ್ಟು ಬೇಕೋ ಅಷ್ಟು."

ರಕ್ತದ ಗುಂಪು ಹೊಂದಿತು. ನರ್ಸ್ ಬಂದು ಹೇಳಿದಾಗ ಮಾವ ಕುಸಿದು ಕೂತು ಅತ್ತುಬಿಟ್ಟರು. ಉಳಿದ ಪರೀಕ್ಷೆ ಮುಗಿಸಿ ನಾಳೆ ಬೆಳಿಗ್ಗೆ ತೆಗೆಯುತ್ತಾರೆ.

ನೀಲಾಳಿಗೆ ಹೇಳಿದೆ. ದನಿ ಇಲ್ಲ. ತುಟಿ ಅಲ್ಲಾಡಿಸಿ ನಕ್ಕಳು. "ಅವಳ ರಕ್ತ ಬಂದ್ರೆ ನನಗೂ ಬಾಯಿ ಜೋರಾಗುತ್ತೆ. ನೋಡ್ಕೊಳ್ಳಿ ಆಮೇಲೆ."

೧೧ ಅಕ್ಟೋಬರ್, ಶನಿವಾರ. ಆಸ್ಪತ್ರೆಯ ಬೆಂಚು

ಬೆಳಿಗ್ಗೆ ಡಾಕ್ಟರು ನನ್ನೊಬ್ಬನನ್ನೇ ಒಳಗೆ ಕರೆದರು.

"ಸದಾಶಿವಪ್ಪನವರೇ, ಆ ಹುಡುಗಿಯ ರಕ್ತ ತೆಗೆಯೋ ಹಾಗಿಲ್ಲ."

ಗುಂಪು ಹೊಂದಿತಲ್ಲ ಎಂದೆ.

"ಗುಂಪು ಹೊಂದುತ್ತೆ. ಅವಳಲ್ಲೇ ರಕ್ತ ಇಲ್ಲ. ಅಕ್ಕನದೇ ಕಾಯಿಲೆ, ಇನ್ನೂ ಶುರು, ಅಷ್ಟೇ." ಪೆನ್ನು ತೆಗೆದರು. "ಒಬ್ಬರು ಶಿಕಾರಿಪುರ, ಒಬ್ಬರು ಸೊರಬ. ಇಬ್ಬರೂ ದಿನಾ ಬಳಸೋ ಪದಾರ್ಥ ಏನಾದ್ರೂ ಇದೆಯಾ? ಪೆಟ್ರೋಲು, ಪೇಂಟು, ಅಂಥದ್ದು?"

ಹೇಳಿದೆ. ಬಣ್ಣ, ಥಿನ್ನರ್, ಮುಚ್ಚಿದ ಕೋಣೆ, ಊದುವುದು. ಮೊದಲಿಂದ ಕೊನೆಯವರೆಗೆ, ಏನನ್ನೂ ಬಿಡಲಿಲ್ಲ. ಅವರು ಬರೆದುಕೊಳ್ಳುತ್ತಾ ಹೋದರು. ಊದುವುದು ಎಂದಾಗ ಪೆನ್ನು ನಿಂತಿತು. ತಲೆ ಎತ್ತಿ ನೋಡಿದರು.

ಆ ಹುಡುಗಿ ಇನ್ನು ಆ ಡಬ್ಬದ ಹತ್ತಿರ ಹೋಗಬಾರದು, ಇವತ್ತೇ ಇಲ್ಲಿ ಸೇರಬೇಕು ಎಂದರು. ಗುಣವಾಗುತ್ತದೆಯೇ ಎಂದೆ. ಕೆಲವರಿಗೆ ಆಗುತ್ತದೆ ಎಂದರು. ನೀಲಾಳಿಗೆ ರಕ್ತ? ಬೇರೆ ಯಾರನ್ನಾದರೂ ಕರೆತನ್ನಿ, ಇವತ್ತು ಸಂಜೆಯೊಳಗೆ. ಮನೆಯವರಿಗೆ ನೀವೇ ಹೇಳ್ತೀರೋ ನಾನು ಹೇಳಲೋ ಎಂದರು. ನಾನೇ ಹೇಳುತ್ತೇನೆ ಎಂದೆ.

ಮಾವ ರಕ್ತ ಕೊಡುವವರನ್ನು ಹುಡುಕಲು ಬಸ್ ಸ್ಟ್ಯಾಂಡಿಗೆ ಓಡಿದ್ದಾರೆ. ಶಿಕಾರಿಪುರದ ಮೊದಲ ಬಸ್ಸಿಗೆ ಉಜ್ಜಪ್ಪನಿಗೂ ಕಂಡಕ್ಟರುಗಳಿಗೂ ಹೇಳಿ ಕಳಿಸಿದ್ದೇನೆ. ಉಜ್ಜಪ್ಪನ ರಕ್ತ ತೆಗೆಯುತ್ತಾರೋ ಇಲ್ಲವೋ. ಅವನಿಗೂ ಪರೀಕ್ಷೆ ಆಗಲಿ.

ಜಗದಾಂಬ ಎದುರಿಗೆ ಬಂದು ನಿಂತಿದ್ದಾಳೆ. ತೋಳು ಇನ್ನೂ ಮಡಿಸಿಯೇ ಇದೆ. ಸೂಜಿ ಚುಚ್ಚಿದ ಕಡೆ ಹತ್ತಿ ಒತ್ತಿ ಹಿಡಿದಿದ್ದಾಳೆ, ನಿನ್ನೆಯಿಂದ.

"ಭಾವ, ನಂದು ಯಾಕೆ ಬೇಡ ಅಂದ್ರಂತೆ? ನಾನು ಕಲ್ಲುಗುಂಡಿನ ಹಾಗೆ ಇದೀನಲ್ಲ."

ಕೂತ್ಕೋ ಎಂದೆ. ಕೂರಲಿಲ್ಲ.

"ಏನ್ ಬರೀತಿದೀರಿ?"

ಒಂದು ನಿಮಿಷ ಎಂದೆ. ಬರೆದು ಮುಗಿಯಲಿ ಎಂದು ಕಾಯುತ್ತಿದ್ದಾಳೆ. ಮುಗಿದರೆ ತಲೆ ಎತ್ತಬೇಕು, ಹೇಳಬೇಕು. ಇನ್ನೂ ಏನಿದೆ ಬರೆಯಲು? ಹೊರಗೆ ಬಿಸಿಲು ಬಂದಿದೆ. ಶಿಕಾರಿಪುರದ ಬಸ್ಸು ಇಷ್ಟು ಹೊತ್ತಿಗೆ ಅರ್ಧ ದಾರಿ ದಾಟಿರಬೇಕು. ನರ್ಸ್ ಒಬ್ಬಳು ಒಳಗೆ ಹೋದಳು. ಜಗದಾಂಬ ಹತ್ತಿ ತೆಗೆದು ನೋಡುತ್ತಿದ್ದಾಳೆ. ಹತ್ತಿ ಕೆಂಪು. ಇನ್ನೂ